ಅಧ್ಯಕ್ಷರು ಉತ್ತರ, ಕಾರ್ಯದರ್ಶಿ ದಕ್ಷಿಣ: ಸಂಘ ಮುಂದೆ ಹೋಗುವುದು ಹೇಗೆ?

ಪೆರ್ಲ_ಅಡಿಕೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೇರಳದ ಗಡಿಭಾಗದ ಮಂಜೇಶ್ವರ ತಾಲೂಕಿನ ಒಂದು ಕೃಷಿಕರ ಸಂಘದ ವಿಷಯ. ನೂರೈವತ್ತರ ಹತ್ತಿರ ಸದಸ್ಯರಿದ್ದಾರೆ, ಹೆಚ್ಚಿನವರು ಸಣ್ಣ ಹಿಡುವಳಿಯ ಅಡಿಕೆ ಕೃಷಿಕರು. ಸಂಘಕ್ಕೆ ಮುಖ್ಯವಾಗಿ ಎರಡು ಕೆಲಸ. ಮಹಾಳಿ (ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ) ಬಾರದಂತೆ ತಂಡ ಕಳಿಸಿ ಸದಸ್ಯರ ತೋಟಕ್ಕೆ ಮದ್ದು ಬಿಡಿಸುವುದು, ಮರ ಹತ್ತದೆ ಅಡಿಕೆ ಕೊಯ್ಯುವ ಉದ್ದದ ಕಾರ್ಬನ್ ಫೈಬರ್ ದೋಟಿ ಬಾಡಿಗೆಗೆ ಕೊಡುವುದು. ಈಗ ಒಣಗಿಸುವ ಯಂತ್ರವೊಂದನ್ನು ತರುವ ಯೋಚನೆಯಿದೆ.

ಅಧ್ಯಕ್ಷರು ಜನ ಸೇರಿಸುವವರು. ತುಳು, ಕನ್ನಡ, ಬ್ಯಾರಿ, ಯಾರ ಹತ್ತಿರ ಯಾವುದು ಬೇಕೋ ಅದರಲ್ಲಿ ಮಾತಾಡುತ್ತಾರೆ. ಅವರು ಫೋನ್ ಮಾಡಿದರೆ ಕೆಲಸದವರು ಇಲ್ಲವೆನ್ನುವುದಿಲ್ಲ. ಎಲ್ಲವೂ ನಾಳೆಯೇ ಆಗಬೇಕು ಎನ್ನುವ ಸ್ವಭಾವ. ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಮಲಯಾಳ ಓದು ಬರಹ ಗಟ್ಟಿ, ಕೃಷಿಭವನದ (ಸರಕಾರದ ಕೃಷಿ ಕಚೇರಿಯ) ಕಡತ ಅವರಿಗೆ ಅಂಗೈ ನೆಲ್ಲಿಕಾಯಿ. ಆದರೆ ಮೂರು ಕೊಟೇಶನ್ ಇಲ್ಲದೆ ಒಂದು ಪೈಪು ಕೂಡ ಕೊಳ್ಳಲು ಬಿಡುವುದಿಲ್ಲ. ಇಬ್ಬರೂ ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಸಭೆಯಲ್ಲೂ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿ.

ಮಹಾಸಭೆ ಹತ್ತಿರ ಬರುತ್ತಿದೆ. ಇಬ್ಬರಲ್ಲಿ ಒಬ್ಬರನ್ನು ಇಳಿಸಿದರೆ ಸರಿಯಾಗುತ್ತದೆ ಎಂದು ಕೆಲವರು, ಇಬ್ಬರೂ ಬೇಕು ಎಂದು ಕೆಲವರು. ಇಂಥ ಜೋಡಿಯನ್ನು ಉಳಿಸಿಕೊಂಡು ಕೆಲಸ ಮಾಡಿಸುವ ನಿಯಮ ಏನಾದರೂ ಇದೆಯೇ? ಸಹಕಾರಿ ಸಂಘಗಳನ್ನು ಬಲ್ಲವರು ಹೇಳಿ.

ಮೀಯಪದವು_ಮಾಷ್ಟ್ರು

ಯಾರನ್ನೂ ಇಳಿಸಬೇಡಿ. ನೀವು ಬರೆದದ್ದನ್ನು ಓದಿದರೆ ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿದೆ. ನಿಮ್ಮಲ್ಲಿ ಇಲ್ಲದ್ದು ಗಡಿರೇಖೆ. ಯಾವುದನ್ನು ಯಾರು ಒಬ್ಬರೇ ತೀರ್ಮಾನಿಸಬಹುದು, ಯಾವುದಕ್ಕೆ ಇಬ್ಬರೂ ಬೇಕು, ಯಾವುದು ಸಮಿತಿಗೆ ಬರಬೇಕು, ಈ ಮೂರು ಎಲ್ಲಿಯೂ ಬರೆದಿಟ್ಟಿಲ್ಲ ಎಂದು ಕಾಣುತ್ತದೆ. ಬರೆದಿಡದಿದ್ದರೆ ಪ್ರತಿಯೊಂದು ಪೈಪಿನ ವಿಷಯವೂ ಮರ್ಯಾದೆಯ ವಿಷಯವಾಗುತ್ತದೆ.

ಯಕ್ಷಗಾನದ ಮೇಳವನ್ನೇ ನೋಡಿ. ರಂಗಸ್ಥಳದಲ್ಲಿ ವೇಷಧಾರಿ ಎಷ್ಟೇ ಹೆಸರಾದವನಾಗಲಿ, ಪದ ಎತ್ತುವುದು, ನಿಲ್ಲಿಸುವುದು, ಪ್ರಸಂಗ ಬೆಳಗಿನೊಳಗೆ ಮುಗಿಯುವಂತೆ ಎಳೆಯುವುದು ಭಾಗವತರ ಕೈಯಲ್ಲಿ. ಆಟ ಒಪ್ಪಿಕೊಳ್ಳುವುದು, ಲಾರಿ ಹೊರಡಿಸುವುದು, ಕಲಾವಿದರ ಸಂಬಳ, ಇದೆಲ್ಲ ಮ್ಯಾನೇಜರರದ್ದು. ಭಾಗವತರು ಲಾರಿಯ ಬಾಡಿಗೆ ಚೌಕಾಸಿ ಮಾಡುವುದಿಲ್ಲ, ಮ್ಯಾನೇಜರರು ತಾಳ ಮುಟ್ಟುವುದಿಲ್ಲ. ಇಬ್ಬರ ಸ್ವಭಾವ ಕೂಡಿ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಬೀಳುವುದಿಲ್ಲ.

ನಿಮ್ಮ ಸಂಘಕ್ಕೆ ಹೀಗೆ ಮಾಡಬಹುದು. ಒಂದು ಹಾಳೆ ತೆಗೆದುಕೊಂಡು ಮೂರು ಕಂಬಸಾಲು ಎಳೆಯಿರಿ. ಕಳೆದ ಒಂದು ವರ್ಷದ ನಡಾವಳಿ ಪುಸ್ತಕ ತೆರೆದು, ಜಗಳವಾದ ಪ್ರತಿಯೊಂದು ವಿಷಯವನ್ನೂ ಮೂರರಲ್ಲಿ ಒಂದು ಸಾಲಿಗೆ ಹಾಕಿ. ಕೆಲಸದವರ ತಂಡ, ಯಾವ ವಾರ್ಡಿಗೆ ಯಾವ ದಿನ, ಸದಸ್ಯರ ದೂರು, ಇವು ಅಧ್ಯಕ್ಷರಿಗೆ. ಲೆಕ್ಕ, ಅರ್ಜಿ, ಸಬ್ಸಿಡಿ ಕಡತ, ದಾಸ್ತಾನು, ಇವು ಕಾರ್ಯದರ್ಶಿಗೆ. ಹೊಸ ಯಂತ್ರ, ಬಾಡಿಗೆ ದರ, ಸಾಲ, ಇವು ಸಮಿತಿಗೆ. ಕಲ್ಪನೆಯಿಂದ ಪಟ್ಟಿ ಮಾಡಲು ಹೋಗಬೇಡಿ. ಆಗಿಹೋದ ಜಗಳಗಳಿಂದಲೇ ಮಾಡಿದರೆ ಪಟ್ಟಿ ಸಣ್ಣದಾಗುತ್ತದೆ, ಉಪಯೋಗಕ್ಕೂ ಬರುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಇಬ್ಬರೂ ಸಭೆಯ ಮುನ್ನಾ ದಿನ ಅರ್ಧ ಗಂಟೆ ಕೂತು ಕಾರ್ಯಸೂಚಿ ನೋಡಬೇಕು. ಜಗಳ ಮಾಡುವುದಿದ್ದರೆ ಅಲ್ಲಿಯೇ ಆಗಲಿ. ಸಭೆಗೆ ಬರುವಾಗ ಒಂದೋ ಒಮ್ಮತ, ಇಲ್ಲವೇ "ಈ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯ ಇದೆ, ಎರಡೂ ಪಕ್ಷ ಇಡುತ್ತೇವೆ, ಸಮಿತಿ ತೀರ್ಮಾನಿಸಲಿ" ಎನ್ನುವ ಸ್ಪಷ್ಟ ಮಾತು. ಸಭೆಯಲ್ಲಿ ಒಬ್ಬರನ್ನೊಬ್ಬರು ಆಶ್ಚರ್ಯಪಡಿಸುವುದೇ ಸಂಘ ಒಡೆಯುವ ಮೊದಲ ಮೆಟ್ಟಿಲು.

ಬದಿಯಡ್ಕ_ತೋಟ

ಮಾಷ್ಟ್ರು ಹೇಳಿದ ವಿಭಜನೆ ಸರಿ. ಆದರೆ ಒಂದೇ ಕೆಲಸದೊಳಗೇ ಇಬ್ಬರೂ ಬೇಕಾಗುವ ಜಾಗವಿರುತ್ತದೆ. ಮದ್ದು ಬಿಡುವ ಕೆಲಸವೇ ಅದಕ್ಕೆ ಒಳ್ಳೆಯ ಉದಾಹರಣೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮಹಾಳಿಗೆ ಬಿಡುವ ಮದ್ದು ಬೋರ್ಡೋ ದ್ರಾವಣ. ಶೇಕಡಾ 1ರದ್ದಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ. 50 ಲೀಟರ್ ನೀರಿನಲ್ಲಿ ಮೈಲುತುತ್ತು ಕರಗಿಸಿ, ಬೇರೆ 50 ಲೀಟರಿನಲ್ಲಿ ಸುಣ್ಣ ಕದಡಿ ಸೋಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಸುಣ್ಣವನ್ನು ಮೈಲುತುತ್ತಿಗೆ ಹೊಯ್ಯಬಾರದು. ಪ್ಲಾಸ್ಟಿಕ್ ಡ್ರಮ್ಮು ಆಗಬಹುದು, ಕಬ್ಬಿಣದ್ದು ಆಗದು. ಆಮೇಲೆ ಪರೀಕ್ಷೆ: ಚೆನ್ನಾಗಿ ಉಜ್ಜಿದ ಪೀಶಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರದ ಪೊರೆ ಕಂಡರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡಬೇಕು. ಅಲಗು ಮೊದಲಿನ ಹಾಗೇ ಹೊಳೆಯುವವರೆಗೆ ಬಿಡುವ ಹಾಗಿಲ್ಲ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಅಂಟುವ ಗುಣ ಹೋಗುತ್ತದೆ.

ಈಗ ಎರಡು ಸ್ವಭಾವ ನೋಡಿ. ಅವಸರದವರ ಕೈಗೆ ಡ್ರಮ್ಮು ಕೊಟ್ಟರೆ ಕತ್ತಿ ಅದ್ದುವುದಿಲ್ಲ. ಸುಣ್ಣ ಹಳತಾಗಿದ್ದರೆ ಹುಳಿ ಉಳಿದ ದ್ರಾವಣ ಮೇಲೆ ಹೋಗಿ ಎಳೆಕಾಯಿ ಸುಡುತ್ತದೆ. ಆದರೆ ದಿನ ಗೊತ್ತುಮಾಡುವ ಕೆಲಸವನ್ನು ಎಚ್ಚರದವರಿಗೆ ಕೊಟ್ಟರೆ? ಮೊದಲ ಸರ್ತಿ ಮಳೆಗಾಲ ಕೂರುವ ಮೊದಲು, ಮೇ ಕೊನೆಯೊಳಗೆ ಆಗಬೇಕು. ಎರಡನೆಯದು 40-45 ದಿನ ಕಳೆದು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯ ನಡುವೆ ಸಿಕ್ಕಿದ ಬಿಸಿಲಿನಲ್ಲಿ. ಬೆಳಗ್ಗೆ ಏಳಕ್ಕೆ ಆಕಾಶ ನೋಡಿ ಎಂಟಕ್ಕೆ ತಂಡ ಹೊರಡಿಸಬೇಕಾದ ಕೆಲಸ ಅದು. ಕೊಟೇಶನ್ ತರಿಸಿ ನಿರ್ಣಯ ಮಾಡುವಷ್ಟರಲ್ಲಿ ಗೊನೆಯಲ್ಲಿದ್ದ ಕಾಯಿ ಉದುರಿ ಮರದ ಬುಡದಲ್ಲಿರುತ್ತದೆ.

ಹಾಗಾಗಿ ದಿನ ಮತ್ತು ತಂಡ ಅಧ್ಯಕ್ಷರದ್ದು, ಡ್ರಮ್ಮು ಮತ್ತು ದಾಸ್ತಾನು ಕಾರ್ಯದರ್ಶಿಯದ್ದು. ಮೈಲುತುತ್ತು, ಸುಣ್ಣ, ಪೈಪು, ನೋಝಲ್, ಇವೆಲ್ಲ ಏಪ್ರಿಲ್ ಒಳಗೆ ಕೊಟೇಶನ್ ತರಿಸಿ ಗೋಡೌನಿನಲ್ಲಿರಬೇಕು. ಸುಣ್ಣವನ್ನು ಮಾತ್ರ ಕೊನೆಗೆ ತನ್ನಿ, ಗಾಳಿ ತಗಲದ ಹಾಗೆ ಮುಚ್ಚಿಡಿ. ಕಾರ್ಯದರ್ಶಿಯ ಎಚ್ಚರ ಏಪ್ರಿಲಿನಲ್ಲಿ, ಅಧ್ಯಕ್ಷರ ವೇಗ ಮೇ-ಜೂನಿನಲ್ಲಿ. ಇಬ್ಬರ ಗುಣಕ್ಕೂ ಒಂದೊಂದು ಕಾಲವಿದೆ. ಅದನ್ನು ಗೊತ್ತುಮಾಡದೆ ಇದ್ದುದರಿಂದ ಏಪ್ರಿಲಿನಲ್ಲಿ ಅಧ್ಯಕ್ಷರು ಚಡಪಡಿಸುತ್ತಾರೆ, ಜೂನಿನಲ್ಲಿ ಕಾರ್ಯದರ್ಶಿ ಅಡ್ಡ ನಿಲ್ಲುತ್ತಾರೆ.

ಪೆರ್ಲ_ಅಡಿಕೆ

ಇಬ್ಬರಿಗೂ ಧನ್ಯವಾದ. ಬದಿಯಡ್ಕದವರು ಹೇಳಿದ್ದು ನಮ್ಮಲ್ಲಿ ಆಗುತ್ತಿರುವುದೇ. ಒಂದು ಸಂಶಯ ಉಳಿಯಿತು. ಅಧ್ಯಕ್ಷರು ದಾರಿಯಲ್ಲಿ ಸಿಕ್ಕಿದವರಿಗೆಲ್ಲ "ಆಯ್ತು, ಮಾಡುವಾ" ಎಂದು ಮಾತು ಕೊಟ್ಟುಬಿಡುತ್ತಾರೆ. ಆಮೇಲೆ ಕಾರ್ಯದರ್ಶಿ "ಆಗುವುದಿಲ್ಲ" ಎಂದಾಗ ಊರವರ ಎದುರು ಕಾರ್ಯದರ್ಶಿಯೇ ಕೆಟ್ಟವರು. ಇದಕ್ಕೇನು?

ಮೀಯಪದವು_ಮಾಷ್ಟ್ರು

ಎರಡು ಕಟ್ಟುಪಾಡು ಸಾಕು, ಆದರೆ ಎರಡೂ ಒಟ್ಟಿಗೇ ಬರಬೇಕು.

ಅಧ್ಯಕ್ಷರಿಗೆ: ಹಣ ಅಥವಾ ಸಂಘದ ಹೆಸರು ಸೇರಿದ ಯಾವ ಬೇಡಿಕೆಗೂ ಹೊರಗೆ ಕೊಡಬೇಕಾದ ಉತ್ತರ ಒಂದೇ. "ಕಾರ್ಯದರ್ಶಿಯವರ ಹತ್ತಿರ ಕೂತು ನೋಡಿ, ಮೂರು ದಿನದೊಳಗೆ ಹೇಳುತ್ತೇನೆ." ಒಪ್ಪಿಗೆಯನ್ನಾಗಲಿ, ನಿರಾಕರಣೆಯನ್ನಾಗಲಿ ಸದಸ್ಯರಿಗೆ ತಿಳಿಸುವವರು ಅಧ್ಯಕ್ಷರೇ, ಕಾರ್ಯದರ್ಶಿಯಲ್ಲ. ಆಗ ಕೆಟ್ಟ ಹೆಸರು ಒಬ್ಬರ ತಲೆಗೆ ಬರುವುದಿಲ್ಲ.

ಕಾರ್ಯದರ್ಶಿಗೆ: ಆ ಮೂರು ದಿನದೊಳಗೆ ಉತ್ತರ ಬರಲೇಬೇಕು. ಅದೂ ಬರೇ "ಆಗದು" ಎಂದರೆ ಸಾಲದು. ಏನಿದ್ದರೆ ಆದೀತು ಎಂದು ಹೇಳಬೇಕು. "ಈಗ ಎರಡನೇ ದೋಟಿ ಕೊಳ್ಳಲು ಹಣ ಇಲ್ಲ. ಬಾಡಿಗೆ ಬಾಕಿ ವಸೂಲಾದರೆ ನವೆಂಬರ್ ಕೊಯ್ಲಿನ ಮೊದಲು ಕೊಳ್ಳಬಹುದು" ಎನ್ನುವ ಹಾಗೆ. ಮೂರು ದಿನ ಕಳೆದರೂ ಉತ್ತರ ಬಾರದಿದ್ದರೆ ವಿಷಯ ತನ್ನಿಂತಾನೇ ಮುಂದಿನ ಸಮಿತಿ ಸಭೆಗೆ ಹೋಗಲಿ.

ಮೊದಲನೆಯದನ್ನು ಮಾತ್ರ ಮಾಡಿದರೆ ಅಧ್ಯಕ್ಷರ ಕೈ ಕಟ್ಟಿದಂತಾಗುತ್ತದೆ. ವೇಗದವರು ಕೈ ಕಟ್ಟಿಕೊಂಡು ಹೆಚ್ಚು ಸಮಯ ಇರುವುದಿಲ್ಲ, ಬಿಟ್ಟು ಹೋಗುತ್ತಾರೆ. ಹಲವು ಸಂಘಗಳು ಒಳ್ಳೆಯ ಅಧ್ಯಕ್ಷರನ್ನು ಕಳಕೊಂಡದ್ದು ಹೀಗೆಯೇ.

ಕುಂಬಳೆ_ಲೆಕ್ಕಪತ್ರ

ಹಣದ ಬದಿಯಿಂದ ನಾಲ್ಕು ಮಾತು. ಇಬ್ಬರು ಭಿನ್ನ ಸ್ವಭಾವದವರ ನಡುವೆ ನಂಬಿಕೆ ಕೆಡುವುದು ಹೆಚ್ಚಾಗಿ ಸಣ್ಣ ನಗದಿನಲ್ಲಿ.

ತುರ್ತು ಖರ್ಚಿಗೆ ಅಧ್ಯಕ್ಷರಿಗೆ ಒಂದು ಮಿತಿ ಕೊಡಿ. ನಿಮ್ಮ ಗಾತ್ರದ ಸಂಘಕ್ಕೆ ಒಂದು ಸರ್ತಿಗೆ 5,000 ರೂಪಾಯಿ ಎಂದಿಡಿ. ಪಂಪು ಕೆಟ್ಟಿತು, ತಂಡಕ್ಕೆ ಊಟ, ಜೀಪು ಬಾಡಿಗೆ, ಇಂಥದ್ದಕ್ಕೆ ಅವರು ಯಾರನ್ನೂ ಕೇಳಬೇಕಾಗಿಲ್ಲ. ಮೂರು ದಿನದೊಳಗೆ ಬಿಲ್ಲು ಅಥವಾ ಸಹಿ ಮಾಡಿದ ವೋಚರ್ ಬರಬೇಕು. ಹಳೆಯ ವೋಚರ್ ಬಾರದೆ ಹೊಸ ಮುಂಗಡ ಇಲ್ಲ. 5,000ದಿಂದ 25,000ದವರೆಗೆ ಇಬ್ಬರ ಒಪ್ಪಿಗೆ, ಅದಕ್ಕೆ ಮೇಲೆ ಸಮಿತಿಯ ನಿರ್ಣಯ ಮತ್ತು ಕೊಟೇಶನ್. ಅಂಕಿ ನಿಮ್ಮ ವಹಿವಾಟಿಗೆ ತಕ್ಕ ಹಾಗೆ ಬದಲಾಗಲಿ. ಮೂರು ಹಂತ ಇರಲಿ ಎಂಬುದು ಮುಖ್ಯ. ಪೈಪಿಗೂ ಮೂರು ಕೊಟೇಶನ್ ಕೇಳುವ ಪರಿಸ್ಥಿತಿ ಆಗ ತಾನಾಗಿಯೇ ಹೋಗುತ್ತದೆ.

ಬ್ಯಾಂಕ್ ಖಾತೆ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ ಮೂವರಲ್ಲಿ ಇಬ್ಬರ ಸಹಿಯದ್ದಾಗಿರಲಿ. ಹೆಚ್ಚಿನ ಕಡೆ ಇದು ಇರುತ್ತದೆ, ಆದರೆ ಹಾಳಾಗುವುದು ಬೇರೆ ರೀತಿಯಲ್ಲಿ: ಓಡಾಟದ ಅಧ್ಯಕ್ಷರು "ನಾನು ಸಿಗುವುದಿಲ್ಲ" ಎಂದು ಹತ್ತು ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿ ಕೊಡುತ್ತಾರೆ. ಅಲ್ಲಿಗೆ ಎರಡು ಸಹಿಯ ಅರ್ಥವೇ ಹೋಯಿತು. ಮುಂದೆ ಏನಾದರೂ ತಕರಾರು ಬಂದರೆ ಸಿಕ್ಕಿಬೀಳುವವರು ಸಹಿ ಹಾಕಿದ ಅಧ್ಯಕ್ಷರೇ. ಅವರಿಗೆ ಇದನ್ನು ಬಿಡಿಸಿ ಹೇಳಿ. ನೆಟ್ ಬ್ಯಾಂಕಿಂಗ್ ಆದರೆ ಒಬ್ಬರು ದಾಖಲಿಸಿ ಇನ್ನೊಬ್ಬರು ಅನುಮೋದಿಸುವ ವ್ಯವಸ್ಥೆಯನ್ನು ಕೇಳಿ ಮಾಡಿಸಿಕೊಳ್ಳಬಹುದು, ಅಧ್ಯಕ್ಷರು ತೋಟದಲ್ಲಿ ನಿಂತೇ ಒಪ್ಪಿಗೆ ಒತ್ತಬಹುದು.

ದೋಟಿ ಬಾಡಿಗೆಯ ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಆಗಿರಬೇಕು, ಯಾರ ಸ್ವಂತ ಫೋನ್ ನಂಬರಿನದ್ದೂ ಅಲ್ಲ. ಯಂತ್ರ ಮಾರುವುದೋ ದೊಡ್ಡ ದೇಣಿಗೆಯೋ ಬಂದಾಗ ನೆನಪಿಡಿ, 2 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ಒಬ್ಬರಿಂದ ಒಂದು ದಿನದಲ್ಲಿ ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ನಿಷೇಧವಿದೆ.

ಸಂಘ 1860ರ ಸೊಸೈಟಿ ನೋಂದಣಿ ಕಾಯ್ದೆಯ ಕೆಳಗೆ ಇದ್ದರೆ (ಹಳೆಯ ಮಲಬಾರ್ ಭಾಗಕ್ಕೆ ಅದೇ ಅನ್ವಯ, ತಿರುವಾಂಕೂರು-ಕೊಚ್ಚಿಯ 1955ರ ಕಾಯ್ದೆ ಅಲ್ಲ), ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಪದಾಧಿಕಾರಿ ಬದಲಾವಣೆಯ ಜಗಳದಲ್ಲಿ ಈ ಪಟ್ಟಿ ಬಾಕಿಯಾಗಿ, ಆಮೇಲೆ ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಆಗದೆ, ಸಬ್ಸಿಡಿ ಹಣ ಖಾತೆಯಲ್ಲಿದ್ದೂ ತೆಗೆಯಲಾಗದ ಪರಿಸ್ಥಿತಿ ಬರುತ್ತದೆ. ಯಾರು ಗೆದ್ದರೂ ಸೋತರೂ ಪಟ್ಟಿ ಹೋಗಲಿ.

ಉಪ್ಪಳ_ಸಹಕಾರಿ

ದೊಡ್ಡ ಉದಾಹರಣೆ ಬೇಕಾದರೆ ಗುಜರಾತಿನ ಆನಂದ್ ಎಂಬ ಊರಿನ ಹಾಲಿನ ಒಕ್ಕೂಟ, ಅಂದರೆ ಅಮುಲ್ ನೋಡಿ. ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾದದ್ದು 1946ರ ಡಿಸೆಂಬರ್ 14ರಂದು. ಅಧ್ಯಕ್ಷ ತ್ರಿಭುವನದಾಸ ಪಟೇಲರು ಖಾದಿಯ ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು, ಹಳ್ಳಿ ಹಳ್ಳಿ ತಿರುಗಿ ರೈತರನ್ನು ಸೇರಿಸಿದವರು. 1949ರಲ್ಲಿ ಸರಕಾರದ ಡೈರಿ ಕೆಲಸಕ್ಕೆ ಆನಂದಕ್ಕೆ ಬಂದ ವರ್ಗೀಸ್ ಕುರಿಯನ್ ಕಲ್ಲಿಕೋಟೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಓದಿದ ಇಂಜಿನಿಯರ್. ಮಾತು ನೇರ, ಕೆಲವೊಮ್ಮೆ ಒರಟು. ಹಳ್ಳಿಯ ಹಾಲು ಉತ್ಪಾದಕರ ನಂಬಿಕೆ ಪಟೇಲರಿಗೆ ಇತ್ತು, ಯಂತ್ರ ಮತ್ತು ಮಾರುಕಟ್ಟೆಯ ತಿಳಿವಳಿಕೆ ಕುರಿಯನ್ನರಿಗೆ ಇತ್ತು.

ಮೂರನೆಯವರನ್ನು ಜನ ಮರೆಯುತ್ತಾರೆ: ಎಚ್. ಎಂ. ದಲಾಯಾ. ಎಮ್ಮೆ ಹಾಲಿನಿಂದ ಹುಡಿ ಮಾಡಲಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದಾಗ ಅದನ್ನು ಮಾಡಿ ತೋರಿಸಿದ ತಂತ್ರಜ್ಞ. ಆ ಹುಡಿಯ ಕಾರ್ಖಾನೆ 1955ರ ಅಕ್ಟೋಬರ್ 31ರಂದು ನೆಹರೂ ಅವರಿಂದ ಉದ್ಘಾಟನೆಯಾಯಿತು. ಚಳಿಗಾಲದಲ್ಲಿ ಉಕ್ಕಿ ಬರುವ ಹಾಲನ್ನು ಹುಡಿ ಮಾಡಿಡಲು ಆಗದಿದ್ದರೆ ಪಟೇಲರು ಸೇರಿಸಿದ ರೈತರ ಹಾಲನ್ನು ಕೊಳ್ಳದೆ ತಿರುಗಿಸಿ ಕಳಿಸಬೇಕಾಗುತ್ತಿತ್ತು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಆಧಾರವಾದದ್ದು ಹೀಗೆ. 1963ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಕುರಿಯನ್, ತ್ರಿಭುವನದಾಸ ಪಟೇಲ್ ಮತ್ತು ಬೊಂಬಾಯಿಯ ಹಾಲು ಯೋಜನೆಯ ದಾರಾ ಖುರೋಡಿ, ಮೂವರಿಗೂ ಕೂಡಿ ಕೊಟ್ಟರು.

ಇಲ್ಲಿ ಕಲಿಯಬೇಕಾದದ್ದು ಅಧ್ಯಕ್ಷರ ಪಾತ್ರ. ರಾಜಕೀಯದವರ ಒತ್ತಡ, ರೈತರ ದೂರು, ಇವು ಕಾರ್ಖಾನೆಯೊಳಗೆ ಬಾರದ ಹಾಗೆ ಪಟೇಲರು ನೋಡಿಕೊಂಡರು. ಕುರಿಯನ್ನರು ತಮಗಿಂತ ಹೆಚ್ಚು ಹೆಸರು ಗಳಿಸಿದ್ದಕ್ಕೆ ಅಡ್ಡ ಬರಲಿಲ್ಲ. ಹೆಸರಿನ ವಿಷಯವೇ ಎಷ್ಟೋ ಜೋಡಿಗಳನ್ನು ಮುರಿಯುವುದು. ನಿಮ್ಮಲ್ಲಿ ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿ, ಸನ್ಮಾನ, ಎಲ್ಲದರಲ್ಲಿ ಇಬ್ಬರ ಹೆಸರೂ ಇರಲಿ.

ನಮ್ಮ ಕರಾವಳಿಯಲ್ಲೇ ಬೇಕಾದರೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಇಂಜಿನಿಯರ್, ಟಿ. ಎಂ. ಎ. ಪೈ ವೈದ್ಯರು. 8,000 ರೂಪಾಯಿ ಬಂಡವಾಳ. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಯೋಜನೆ. ಒಂದೇ ಕಸುಬಿನ ಮೂವರು ಕೂತಿದ್ದರೆ ಇಂಥದ್ದು ಹೊಳೆಯುವುದು ಕಷ್ಟ ಎಂದು ನನ್ನ ಅಭಿಪ್ರಾಯ.

ಅಡೂರು_ಗುಡ್ಡೆ

ಎಲ್ಲರೂ ಇಬ್ಬರನ್ನೂ ಉಳಿಸಿ ಎಂದೇ ಹೇಳುತ್ತಿದ್ದೀರಿ. ಒಂದು ಎಚ್ಚರಿಕೆ ನನ್ನದು. ಸ್ವಭಾವ ಬೇರೆಯಾಗಿದ್ದರೆ ಮಾಷ್ಟ್ರು ಹೇಳಿದ ಹಾಳೆ ಸಾಕು. ಗುರಿಯೇ ಬೇರೆಯಾಗಿದ್ದರೆ ಯಾವ ಹಾಳೆಯೂ ಸಾಲದು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಯಾಕೆಂದರೆ ಎರಡರಲ್ಲೂ ಸಭೆಯಲ್ಲಿ ಜೋರು ಮಾತು ಬರುತ್ತದೆ.

ಮಹಾಸಭೆಗೆ ಮೊದಲು ಹೀಗೆ ಪರೀಕ್ಷಿಸಿ. ಇಬ್ಬರಿಗೂ ಬೇರೆ ಬೇರೆ ಕೂರಿಸಿ ಮೂರು ಪ್ರಶ್ನೆಗೆ ಬರೆದು ಉತ್ತರ ಕೇಳಿ. ಮೂರು ವರ್ಷದಲ್ಲಿ ಸಂಘದ ಹತ್ತಿರ ಏನೇನು ಇರಬೇಕು? ಲಾಭ ಉಳಿದರೆ ಬಾಡಿಗೆ ಇಳಿಸಬೇಕೋ, ಹೊಸ ಯಂತ್ರ ಕೊಳ್ಳಬೇಕೋ? ಹಣ ಒಂದೇ ಕೆಲಸಕ್ಕೆ ಸಾಕಾಗುವಷ್ಟಿದ್ದರೆ ಮದ್ದಿನ ತಂಡ ಉಳಿಸುವುದೋ, ಒಣಗಿಸುವ ಯಂತ್ರವೋ? ಉತ್ತರಗಳು ಹತ್ತಿರ ಇದ್ದರೆ ನಿಮ್ಮ ತೊಂದರೆ ಸ್ವಭಾವದ್ದು, ಹಾಳೆ ಬರೆದು ಮುಂದುವರಿಯಿರಿ. ಒಬ್ಬರು ಸಣ್ಣವರಿಗೆ ಅಗ್ಗದ ಸೇವೆ ಎಂದೂ ಇನ್ನೊಬ್ಬರು ದೊಡ್ಡ ವ್ಯವಹಾರ ಎಂದೂ ಬರೆದಿದ್ದರೆ, ಅದು ಅವರಿಬ್ಬರ ಜಗಳ ಅಲ್ಲವೇ ಅಲ್ಲ. ಸಂಘ ಯಾತಕ್ಕೆ ಎಂಬ ಪ್ರಶ್ನೆ ಅದು. ಮಹಾಸಭೆಯಲ್ಲಿ ಸದಸ್ಯರೇ ಮತ ಹಾಕಿ ತೀರ್ಮಾನಿಸಬೇಕು, ಆಮೇಲೆ ಯಾರು ಇರಬೇಕು ಎಂದು ನೋಡಬಹುದು.

ಮತ್ತೆ ಆನಂದದ ವಿಷಯ. ಅದೇ ಕುರಿಯನ್ನರು 2006ರಲ್ಲಿ ಗುಜರಾತ್ ಹಾಲು ಮಾರಾಟ ಒಕ್ಕೂಟದ ಅಧ್ಯಕ್ಷ ಸ್ಥಾನ ಬಿಟ್ಟದ್ದು ಸದಸ್ಯ ಒಕ್ಕೂಟಗಳ ಭಿನ್ನಮತದ ನಡುವೆ. ಹಳೆಯ ಜೋಡಿಯ ನಡುವೆ ಇದ್ದ ಹೊಂದಾಣಿಕೆ ಮುಂದಿನವರಿಗೆ ತಾನಾಗಿ ದಾಟುವುದಿಲ್ಲ. ಆದ್ದರಿಂದ ಅಧಿಕಾರದ ಹಾಳೆಯಲ್ಲಿ ಹುದ್ದೆಯ ಹೆಸರು ಬರೆಯಿರಿ, ವ್ಯಕ್ತಿಯ ಹೆಸರು ಬೇಡ. ಪ್ರತಿ ಹೊಸ ಸಮಿತಿಯ ಮೊದಲ ಸಭೆಯಲ್ಲಿ ಅದನ್ನು ಓದಿ ಒಪ್ಪಿಗೆ ಪಡೆಯಲಿ.

ಪೆರ್ಲ_ಅಡಿಕೆ

ಅಡೂರಿನವರ ಮೂರು ಪ್ರಶ್ನೆ ಈ ವಾರವೇ ಇಬ್ಬರಿಗೂ ಕೊಡುತ್ತೇನೆ. ಇನ್ನೊಂದೇ ಕೇಳುವುದು. ಕೃಷಿಭವನದಿಂದ ಬರುವ ಸುತ್ತೋಲೆ ಎಲ್ಲ ಮಲಯಾಳದಲ್ಲಿ. ಅಧ್ಯಕ್ಷರಿಗೆ ಓದಲಿಕ್ಕೆ ಬಾರದು. "ಕಾರ್ಯದರ್ಶಿ ತಮಗೆ ಬೇಕಾದ್ದನ್ನು ಮಾತ್ರ ಹೇಳುತ್ತಾರೆ" ಎಂಬ ಅನುಮಾನ ಇದರಿಂದಲೇ ಶುರುವಾದದ್ದು.

ಕುಂಬಳೆ_ಲೆಕ್ಕಪತ್ರ

ಗಡಿಭಾಗದ ಸಂಘಗಳಲ್ಲಿ ಇದು ನಿಜಕ್ಕೂ ದೊಡ್ಡ ವಿಷಯ, ಮೊದಲೇ ಹೇಳಬೇಕಿತ್ತು ನೀವು. ಒಬ್ಬರಿಗೆ ಮಾತ್ರ ಓದಲು ಬರುವ ಕಾಗದ ಇದ್ದಲ್ಲಿ ಎಷ್ಟು ಪ್ರಾಮಾಣಿಕರಿದ್ದರೂ ಅನುಮಾನ ಬೆಳೆಯುತ್ತದೆ.

ಸುತ್ತೋಲೆ ಬಂದ ದಿನವೇ ಅದರ ಫೋಟೋ ಸಮಿತಿಯ ವಾಟ್ಸಾಪ್ ಗುಂಪಿಗೆ ಹೋಗಲಿ, ಜೊತೆಗೆ ಕಾರ್ಯದರ್ಶಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ: ಯಾವ ಯೋಜನೆ, ಯಾರಿಗೆ, ಏನೇನು ದಾಖಲೆ, ಕೊನೆಯ ದಿನಾಂಕ. ಸಮಿತಿಯಲ್ಲಿ ಮಲಯಾಳ ಮಾಧ್ಯಮದಲ್ಲಿ ಓದಿದ ಹುಡುಗರೋ ಹುಡುಗಿಯರೋ ಒಬ್ಬರು ಇರಲಿ, ಅನುವಾದ ಸರಿಯೇ ಎಂದು ಅವರು ನೋಡಲಿ. ನಡಾವಳಿ ಪುಸ್ತಕ ಕನ್ನಡದಲ್ಲೇ ಬರೆಯಿರಿ, ಸದಸ್ಯರು ಓದಬೇಕಾದ್ದು ಅದು. ಸಬ್ಸಿಡಿಗೆ ನಿರ್ಣಯದ ಪ್ರತಿ ಕೇಳಿದರೆ ಆ ಒಂದು ನಿರ್ಣಯದ ಮಲಯಾಳ ಅನುವಾದವನ್ನು ಇಬ್ಬರೂ ಸಹಿ ಹಾಕಿ ಲಗತ್ತಿಸಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ನಮಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿದೆ, ಅದನ್ನು ಬಿಡಬೇಡಿ. ಆದರೆ ಕೊನೆಯ ದಿನಾಂಕ ಹತ್ತಿರ ಇದ್ದರೆ ಎರಡೂ ಭಾಷೆಯ ಪ್ರತಿ ಒಟ್ಟಿಗೆ ಕೊಡುವುದು ಲೇಸು, ಕಡತ ನಿಲ್ಲುವುದಿಲ್ಲ.

ಕೃಷಿಭವನಕ್ಕೆ ಹೋಗುವಾಗ ಇಬ್ಬರೂ ಒಟ್ಟಿಗೆ ಹೋಗಲಿ. ಕಾರ್ಯದರ್ಶಿ ಕಡತದ ಬಗ್ಗೆ ಮಾತಾಡಲಿ, ತೋಟಗಳ ಸ್ಥಿತಿ ಏನು, ಎಷ್ಟು ಮಂದಿಗೆ ಬೇಕು ಎಂಬುದನ್ನು ಅಧ್ಯಕ್ಷರು ಹೇಳಲಿ. ಒಣಗಿಸುವ ಯಂತ್ರದ ಅರ್ಜಿಗೆ ಫಲಾನುಭವಿಗಳ ಪಟ್ಟಿ, ಭೂ ತೆರಿಗೆ ರಸೀದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೇಳುವುದು ಸಾಮಾನ್ಯ. ನೂರೈವತ್ತು ಮನೆಯಿಂದ ಅದನ್ನು ಸಂಗ್ರಹಿಸುವ ಕೆಲಸ ಈಗಲೇ ಅಧ್ಯಕ್ಷರಿಗೆ ಒಪ್ಪಿಸಿ. ಬಂದದ್ದನ್ನು ಸದಸ್ಯತ್ವ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಹೆಸರಿನ ಅಕ್ಷರ ಆಧಾರಿನಲ್ಲೂ ತೆರಿಗೆ ರಸೀದಿಯಲ್ಲೂ ಒಂದೇ ಇದೆಯೇ ಎಂದು ಕಾರ್ಯದರ್ಶಿ ನೋಡಿಡಲಿ. ಕನ್ನಡದ ಹೆಸರು ಮಲಯಾಳಕ್ಕೂ ಇಂಗ್ಲಿಷಿಗೂ ಹೋಗುವಾಗ ಅಕ್ಷರ ತಪ್ಪುವುದೇ ನಮ್ಮ ಕಡೆ ಅರ್ಜಿ ವಾಪಸು ಬರಲು ದೊಡ್ಡ ಕಾರಣ.